ಸುಮ್ಮನಾದ ತಂಡ ಮತ್ತೆ ಮಾತಾಡಲಿ

ಪತ್ರಿಕೆಯ ಪುರವಣಿ ವಿಭಾಗದಲ್ಲಿ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಮುಂದಿನ ವಾರಗಳಲ್ಲಿ ಏನು ಬರೆಯೋಣ, ಯಾರಿಂದ ಬರೆಸೋಣ, ಮುಖಪುಟಕ್ಕೆ ಏನು ಎಂದು ಮಾತಾಡಿಕೊಳ್ಳಲೆಂದೇ ಇರುವ ಸಭೆ ಅದು. ಆ ವಿಭಾಗದ ಹೊಣೆ ನನ್ನದಾಗಿದ್ದ ಕಾಲ. ಯುಗಾದಿಗೆ ಇನ್ನೂ ಆರು ವಾರ ಇತ್ತು. ‘ಈ ಸಲ ಮುಖಪುಟಕ್ಕೆ ಏನು ಮಾಡೋಣ?’ ಎಂದು ಕೇಳಿದೆ. ಮೇಜಿನ ಸುತ್ತ ಕೂತಿದ್ದ ಆರು ಜನರಲ್ಲಿ ಒಬ್ಬರು ಪೆನ್ನಿನ ಕ್ಯಾಪು ತೆಗೆದು ಮತ್ತೆ ಹಾಕಿದರು. ಇನ್ನೊಬ್ಬರು ಡೈರಿಯಲ್ಲಿ ದಿನಾಂಕ ಬರೆದು ಅದರ ಕೆಳಗೆ ಗೆರೆ ಎಳೆದರು. ಪುಟ ವಿನ್ಯಾಸ ಮಾಡುವ ಹುಡುಗ ಗೋಡೆಯ ಗಡಿಯಾರ ನೋಡಿದ. ಕೊನೆಗೆ ಹಿರಿಯ ಉಪಸಂಪಾದಕರು, ‘ಮಾವಿನ ತೋರಣ, ಬೇವು-ಬೆಲ್ಲದ ಬಟ್ಟಲು ಇಟ್ರೆ ಆಯ್ತಲ್ಲ ಸರ್’ ಎಂದರು. ಎಲ್ಲರೂ ತಲೆಯಾಡಿಸಿದರು. ಹಿಂದಿನ ವರ್ಷದ ಮುಖಪುಟದಲ್ಲೂ ಅದೇ ಬಟ್ಟಲಿತ್ತು. ಅದರ ಹಿಂದಿನ ವರ್ಷವೂ ಇತ್ತು.

ಮೂರು ವರ್ಷ ಹಿಂದೆ ಇದೇ ಜನ ಹೀಗಿರಲಿಲ್ಲ. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತಿದ್ದರು. ಸಭೆ ಮುಗಿದ ಮೇಲೂ ಕೆಳಗಿನ ಟೀ ಅಂಗಡಿಯಲ್ಲಿ ಅದೇ ಚರ್ಚೆ ನಡೆಯುತ್ತಿತ್ತು. ಈಗ ಕೆಲಸವೇನೂ ನಿಂತಿರಲಿಲ್ಲ. ಪುಟಗಳು ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದವು. ಆದರೆ ಪುರವಣಿಯನ್ನು ಕೈಗೆತ್ತಿಕೊಂಡರೆ ಅದು ಹೋದ ವರ್ಷದ್ದೋ ಈ ವರ್ಷದ್ದೋ ಗೊತ್ತಾಗುತ್ತಿರಲಿಲ್ಲ. ಬ್ಯಾಂಕಿನ ಶಾಖೆ, ಕಾಲೇಜಿನ ವಿಭಾಗ, ಸಾಫ್ಟ್‌ವೇರ್ ಕಂಪನಿಯ ಪ್ರಾಜೆಕ್ಟ್ ತಂಡ, ಹವ್ಯಾಸಿ ನಾಟಕ ತಂಡ, ಎಲ್ಲಿ ಕೆಲಸ ಮಾಡುವವರಿಗೂ ಈ ಸ್ಥಿತಿ ಪರಿಚಿತವೇ. ಇಂಥ ಹೊತ್ತಿನಲ್ಲಿ ಮೇಲಿನವರಿಂದ ಬರುವ ಪರಿಹಾರ ಸಾಮಾನ್ಯವಾಗಿ ಎರಡೇ. ಒಂದು, ಜನರನ್ನು ಬದಲಿಸಿ, ಹೊಸಬರನ್ನು ತನ್ನಿ. ಇನ್ನೊಂದು, ಎಲ್ಲರನ್ನೂ ಒಂದು ದಿನ ರೆಸಾರ್ಟಿಗೆ ಕರೆದುಕೊಂಡು ಹೋಗಿ ಆಟ ಆಡಿಸಿ. ನಾನೂ ಮೊದಲು ಹೀಗೇ ಯೋಚಿಸಿದ್ದೆ. ಎರಡರ ಹಿಂದೆಯೂ ಇರುವ ನಂಬಿಕೆ ಒಂದೇ: ಈ ಜನರೊಳಗೆ ಹೊಸತನ ಬತ್ತಿಹೋಗಿದೆ, ಅದನ್ನು ಹೊರಗಿನಿಂದ ತಂದು ತುಂಬಬೇಕು. ಈ ನಂಬಿಕೆ ತಪ್ಪು ಎಂದು ಇವತ್ತು ನಾನು ಖಚಿತವಾಗಿ ಹೇಳಬಲ್ಲೆ. ಬಹುತೇಕ ತಂಡಗಳಲ್ಲಿ ಬಾವಿ ಬತ್ತಿರುವುದಿಲ್ಲ, ಬಾಯಿಗೆ ಚಪ್ಪಡಿ ಎಳೆದಿರುತ್ತಾರೆ.

ಇದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಸಾಕ್ಷಿ ಒಂದು ಕಾರ್ಖಾನೆಯದು. ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ ಎಂಬಲ್ಲಿ ಜನರಲ್ ಮೋಟಾರ್ಸ್‌ನ ಕಾರು ಕಾರ್ಖಾನೆಯಿತ್ತು. ಕಂಪನಿಯ ಅತ್ಯಂತ ಕೆಟ್ಟ ಕಾರ್ಖಾನೆಗಳಲ್ಲಿ ಒಂದು ಎಂದು ಅದಕ್ಕೆ ಹೆಸರು. ಯಾವ ದಿನ ನೋಡಿದರೂ ನೂರರಲ್ಲಿ ಸುಮಾರು 20 ಜನ ಕೆಲಸಕ್ಕೆ ಬರುತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲೇ ಕುಡಿಯುವವರಿದ್ದರು. ಆಡಳಿತಕ್ಕೂ ಕಾರ್ಮಿಕ ಸಂಘಕ್ಕೂ ಎಣ್ಣೆ ಸೀಗೇಕಾಯಿ. ಅಲ್ಲಿದ್ದ ಒಂದೇ ಕಟ್ಟಪ್ಪಣೆಯೆಂದರೆ ಲೈನ್ ನಿಲ್ಲಬಾರದು. ಬೋಲ್ಟು ಬಿಟ್ಟುಹೋಗಲಿ, ತಪ್ಪು ಎಂಜಿನ್ನೇ ಕೂರಲಿ, ಕಾರು ಮುಂದಕ್ಕೆ ಹೋಗಬೇಕು, ಆಮೇಲೆ ಹಿಂದಿನ ಅಂಗಳದಲ್ಲಿ ರಿಪೇರಿ ಮಾಡಿದರಾಯಿತು. ಕಣ್ಣೆದುರು ತಪ್ಪು ನಡೆಯುತ್ತಿದ್ದರೂ ಸುಮ್ಮನಿರಬೇಕಾದ ಕೆಲಸಗಾರನಿಗೆ ಕೆಲಸದ ಮೇಲೆ ಎಂಥ ಪ್ರೀತಿ ಉಳಿದೀತು? 1982ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಎರಡು ವರ್ಷದ ನಂತರ, 1984ರಲ್ಲಿ, ಅದೇ ಕಟ್ಟಡ ‘ನುಮ್ಮಿ’ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ಈ ಸಲ ಜನರಲ್ ಮೋಟಾರ್ಸ್ ಜೊತೆ ಪಾಲುದಾರನಾಗಿ ಬಂದದ್ದು ಜಪಾನಿನ ಟೊಯೊಟಾ, ಇವತ್ತು ನಮ್ಮ ಬಿಡದಿಯಲ್ಲೂ ಕಾರ್ಖಾನೆ ಇರುವ ಅದೇ ಟೊಯೊಟಾ. ಕೆಲಸಕ್ಕೆ ಹೊಸಬರನ್ನು ಹುಡುಕಲಿಲ್ಲ. ಸಂಘದ ಒತ್ತಾಯದಂತೆ ಹಳೆಯ ಕಾರ್ಮಿಕರನ್ನೇ ಕರೆದರು. ಮರಳಿ ಬಂದವರಲ್ಲಿ ಬಹುಪಾಲು ಜನ ಅದೇ ‘ಕೆಟ್ಟ’ ಕೆಲಸಗಾರರು, ಸಂಘದ ಮುಖಂಡರೂ ಅವರೇ. ತಂಡದ ನಾಯಕರಾಗಬೇಕಾದ ನೂರಾರು ಮಂದಿಯನ್ನು ಗುಂಪು ಗುಂಪಾಗಿ ಜಪಾನಿನ ಟಕಾವೊಕಾ ಕಾರ್ಖಾನೆಗೆ ಕಳಿಸಿದರು. ಅಲ್ಲಿ ಅವರು ಕಂಡ ಸಂಗತಿಗಳಲ್ಲಿ ಮನಸ್ಸಿಗೆ ನಾಟಿದ್ದು, ಲೈನಿನ ಉದ್ದಕ್ಕೂ ತಲೆಯ ಮೇಲೆ ಹಾದುಹೋಗುವ ಒಂದು ಹಗ್ಗ. ಜಪಾನಿನಲ್ಲಿ ಈ ಏರ್ಪಾಟಿಗೆ ‘ಆಂಡನ್’ ಎನ್ನುತ್ತಾರೆ. ಕೆಲಸದಲ್ಲಿ ಏನಾದರೂ ಎಡವಟ್ಟು ಕಂಡರೆ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು. ದೀಪ ಹೊತ್ತುತ್ತದೆ, ತಂಡದ ನಾಯಕ ಓಡಿ ಬರುತ್ತಾನೆ. ಇಬ್ಬರೂ ಸೇರಿ ನೋಡುತ್ತಾರೆ. ಸರಿಹೋಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ಬಂದವನು ಕೇಳುವುದು ‘ಯಾರು ಮಾಡಿದ್ದು?’ ಎಂದಲ್ಲ, ‘ಏನಾಯಿತು, ಇದಕ್ಕೆ ಏನು ಮಾಡೋಣ?’ ಎಂದು.

ಪರಿಣಾಮ ಕಾಣಲು ಹೆಚ್ಚು ಕಾಲ ಬೇಕಾಗಲಿಲ್ಲ. ಗೈರುಹಾಜರಿ ಶೇ 20ರಿಂದ ಶೇ 2ರ ಆಸುಪಾಸಿಗೆ ಇಳಿಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿಂದ ಹೊರಬಂದ ಕಾರುಗಳ ಗುಣಮಟ್ಟ ಜಪಾನಿನ ಕಾರುಗಳ ಮಟ್ಟಕ್ಕೆ ಬಂತು. ಕಾರ್ಮಿಕರು ತಮ್ಮ ಕೆಲಸವನ್ನು ತಾವೇ ಅಳೆದು ನೋಡಿ ಉಪಕರಣ ಎಲ್ಲಿಡಬೇಕು, ಯಾವ ಭಾಗವನ್ನು ಮೊದಲು ಕೂರಿಸಬೇಕು ಎಂದು ಹೊಸ ಉಪಾಯ ಹೇಳತೊಡಗಿದರು. ಊರು ಅದೇ, ಕಟ್ಟಡ ಅದೇ, ಸಂಘ ಅದೇ, ಜನರೂ ಬಹುಮಟ್ಟಿಗೆ ಅವರೇ. ತಪ್ಪನ್ನು ತಪ್ಪು ಎಂದು ಹೇಳಿದವನಿಗೆ ಸಿಗುವ ಉತ್ತರ ಮಾತ್ರ ಬದಲಾಗಿತ್ತು.

ತಪ್ಪಿಗೂ ಹೊಸತನಕ್ಕೂ ಏನು ಸಂಬಂಧ ಎಂದು ಕೇಳಬಹುದು. ಹೊಸ ಆಲೋಚನೆ ಹುಟ್ಟುವಾಗ ಅದು ಅರ್ಧಂಬರ್ಧವಾಗಿಯೇ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವುದೆಂದರೆ ತಪ್ಪಾಗಬಹುದಾದದ್ದನ್ನು ಹತ್ತು ಜನರ ಮುಂದೆ ಇಡುವುದು. ತಪ್ಪಿಗೆ ಬೈಗುಳ ಸಿಗುವ ಜಾಗದಲ್ಲಿ ಯಾರೂ ಅದನ್ನು ಇಡುವುದಿಲ್ಲ. ಹಾರ್ವರ್ಡ್‌ನ ಪ್ರಾಧ್ಯಾಪಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ನಾಯಕತ್ವವಿರುವ ದಾದಿಯರ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರುತ್ತವೆ ಎಂದು ಅವರು ಅಂದುಕೊಂಡಿದ್ದರು. ಲೆಕ್ಕ ತೆಗೆದಾಗ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಆಮೇಲೆ ಗುಟ್ಟು ತಿಳಿಯಿತು: ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ, ಉಳಿದ ಕಡೆ ಮುಚ್ಚಿಡುತ್ತಿದ್ದರು. 1999ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಈ ನಿರ್ಭಯವನ್ನು ತಂಡದ ಮಾನಸಿಕ ಸುರಕ್ಷತೆ ಎಂದು ಕರೆದರು. 2012ರಲ್ಲಿ ಗೂಗಲ್ ತನ್ನ 180 ತಂಡಗಳನ್ನು ಅಭ್ಯಾಸ ಮಾಡಿ, ಯಾವ ತಂಡ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಹುಡುಕಲು ಹೊರಟಿತು. ತಂಡದಲ್ಲಿ ಯಾರು ಯಾರು ಇದ್ದಾರೆ ಎನ್ನುವುದಕ್ಕಿಂತ ಅವರು ಒಬ್ಬರ ಜೊತೆ ಒಬ್ಬರು ಹೇಗಿದ್ದಾರೆ ಎನ್ನುವುದೇ ದೊಡ್ಡದು ಎಂದು ಕಂಡುಬಂತು. ಅದರಲ್ಲೂ ಮೊದಲ ಸ್ಥಾನ ಈ ನಿರ್ಭಯಕ್ಕೇ ಸಿಕ್ಕಿತು.

ನನ್ನ ತಂಡ ಯಾಕೆ ಸುಮ್ಮನಾಯಿತು ಎನ್ನುವುದು ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಆ ಯುಗಾದಿ ಸಭೆಯ ಮರುದಿನದಿಂದ ಒಬ್ಬೊಬ್ಬರನ್ನೇ ಕೆಳಗಿನ ಟೀ ಅಂಗಡಿಗೆ ಕರೆದುಕೊಂಡು ಹೋಗಿ, ‘ಯಾಕೆ ಯಾರೂ ಮಾತಾಡ್ತಿಲ್ಲ?’ ಎಂದು ಕೇಳಿದೆ. ತಂಡದಲ್ಲಿ ಎಲ್ಲರಿಗಿಂತ ಕಿರಿಯಳಾದ ಉಪಸಂಪಾದಕಿ ಬಹಳ ಹೊತ್ತು ಸುಮ್ಮನಿದ್ದು, ‘ಸರ್, ನಾನು ಸೇರಿದ ಹೊಸದರಲ್ಲಿ ಒಂದು ಹೇಳಿದ್ದೆ, ನಿಮಗೆ ನೆನಪಿಲ್ಲ’ ಎಂದಳು. ಹೇಳಿದ ಮೇಲೆ ನೆನಪಾಯಿತು. ‘ಹಬ್ಬದ ಹಿಂದಿನ ರಾತ್ರಿ ಕೆ.ಆರ್. ಮಾರ್ಕೆಟ್ಟಿಗೆ ಬರೋ ಮಾವಿನ ಸೊಪ್ಪು, ಬೇವಿನ ಹೂವು ಯಾರ ಮರದ್ದು? ಕೊಯ್ಯೋರು ಯಾರು? ಅವರ ಜೊತೆ ಒಂದು ರಾತ್ರಿ ಇದ್ದು ಬರೀಲಾ?’ ಎಂದು ಅವಳು ಕೇಳಿದ್ದಳು. ನಾನು, ‘ಹಬ್ಬದ ಸಂಚಿಕೆ ಕಣಮ್ಮಾ, ಓದುಗರಿಗೆ ಖುಷಿ ಬೇಕು, ಗೋಳು ಬೇಡ’ ಎಂದಿದ್ದೆ. ಮೇಜಿನ ಸುತ್ತ ನಗು ಎದ್ದಿತ್ತು. ಆಮೇಲೆ ಎರಡು ವರ್ಷ ಅವಳು ಸಭೆಯಲ್ಲಿ ಸಲಹೆ ಕೊಟ್ಟಿರಲಿಲ್ಲ. ಅವತ್ತು ನಕ್ಕವರೂ ಒಂದು ಪಾಠ ಕಲಿತಿದ್ದರು, ಇಲ್ಲಿ ಹೊಸದನ್ನು ಹೇಳಿದರೆ ನಗೆಪಾಟಲಾಗುತ್ತೇವೆ ಎಂದು. ನನ್ನ ಒಂದು ವಾಕ್ಯ ಆರು ಜನರ ಬಾಯಿ ಮುಚ್ಚಿಸಿತ್ತು. ನಾನು ಅದನ್ನು ಮರೆತೇ ಬಿಟ್ಟಿದ್ದೆ. ಅಧಿಕಾರದಲ್ಲಿ ಕೂತವರ ಮಾತು ಹೇಳಿದವರಿಗೆ ಹಗುರ, ಕೇಳಿದವರಿಗೆ ಭಾರ.

ಭಯದ ನಂತರ ನೋಡಬೇಕಾದದ್ದು ಸಭೆಯ ರೀತಿಯನ್ನು. ಹೊಸ ಆಲೋಚನೆ ಬೇಕೆಂದರೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ತೋಚಿದ್ದನ್ನು ಹೇಳಿ ಎನ್ನುವುದು ನಮ್ಮ ಕಚೇರಿಗಳ ರೂಢಿ. ‘ಬ್ರೇನ್‌ಸ್ಟಾರ್ಮಿಂಗ್’ ಎಂಬ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬಾರ್ನ್. 1953ರಲ್ಲಿ ಬಂದ ಅವರ ಪುಸ್ತಕದ ನಂತರ ಇದು ಎಲ್ಲೆಡೆ ಹರಡಿತು. ಐದೇ ವರ್ಷದಲ್ಲಿ, 1958ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆಗೆ ಒಡ್ಡಿದರು. ನಾಲ್ವರು ಒಟ್ಟಿಗೆ ಕೂತು ಹೇಳಿದ ಆಲೋಚನೆಗಳಿಗಿಂತ ನಾಲ್ವರು ಬೇರೆ ಬೇರೆ ಕೂತು ಬರೆದದ್ದನ್ನು ಒಟ್ಟು ಸೇರಿಸಿದರೆ ಹೆಚ್ಚು ಸಿಕ್ಕಿತು. 1987ರಲ್ಲಿ ಜರ್ಮನಿಯ ಡೀಲ್ ಮತ್ತು ಸ್ಟ್ರೋಬೆ ಎಂಬ ಮನಶ್ಶಾಸ್ತ್ರಜ್ಞರು ಕಾರಣ ಹುಡುಕಿದರು. ಒಬ್ಬರು ಮಾತಾಡುವಾಗ ಉಳಿದವರು ತಮ್ಮ ಸರದಿಗೆ ಕಾಯಬೇಕು. ಕಾಯುತ್ತಾ ಕೂತಾಗ ಮನಸ್ಸಿಗೆ ಬಂದದ್ದು ಜಾರಿಹೋಗುತ್ತದೆ, ಇಲ್ಲವೇ ಬೇರೆಯವರ ಮಾತಿನ ದಾರಿಯಲ್ಲೇ ನಮ್ಮ ಯೋಚನೆಯೂ ಓಡುತ್ತದೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ, ಹಿರಿಯರ ಮುಂದೆ ಕಿರಿಯರು ಮೊದಲು ಬಾಯಿ ತೆರೆಯಬಾರದು ಎನ್ನುವ ಸಂಕೋಚ. ಹಿರಿಯರು ಒಂದು ಮಾತು ಹೇಳಿದರೆ ಮುಗಿಯಿತು, ಉಳಿದದ್ದೆಲ್ಲ ಅದಕ್ಕೆ ಹೌದು ಹೌದು.

ಇದಕ್ಕೆ ಮದ್ದು ಸರಳವಾಗಿದೆ: ಮೊದಲು ಬರೆಯಿರಿ, ಆಮೇಲೆ ಮಾತಾಡಿ. ಬರ್ನ್ಡ್ ರೋರ್‌ಬಾಖ್ ಎಂಬ ಜರ್ಮನ್ ತಜ್ಞ 1968ರಲ್ಲಿ ಒಂದು ಕ್ರಮವನ್ನು ಸೂಚಿಸಿದ. ಆರು ಜನ ಕೂರಬೇಕು. ಪ್ರತಿಯೊಬ್ಬರೂ ಐದು ನಿಮಿಷದಲ್ಲಿ ಮೂರು ಆಲೋಚನೆ ಬರೆದು ಹಾಳೆಯನ್ನು ಪಕ್ಕದವರಿಗೆ ಕೊಡಬೇಕು. ಅವರು ಅದನ್ನು ಓದಿ, ಅದರ ಮೇಲೆ ಇನ್ನು ಮೂರು ಬರೆಯಬೇಕು. ಹಾಳೆ ಒಂದು ಸುತ್ತು ಬರುವಷ್ಟರಲ್ಲಿ ಅರ್ಧ ಗಂಟೆಗೆ 108 ಆಲೋಚನೆಗಳು ಮೇಜಿನ ಮೇಲೆ ಇರುತ್ತವೆ. ಅದರಲ್ಲಿ ನೂರು ಕೆಲಸಕ್ಕೆ ಬಾರದೇ ಇರಬಹುದು, ಉಳಿದ ಎಂಟು ಸಾಕು. ಹಾಳೆಯ ಮೇಲೆ ಯಾರ ದನಿಯೂ ಜೋರಾಗಿರುವುದಿಲ್ಲ ಎನ್ನುವುದೇ ಇದರ ದೊಡ್ಡ ಗುಣ.

ಮೂರನೆಯ ಸಂಗತಿ ಉತ್ತರ. ಎಷ್ಟೋ ಕಚೇರಿಗಳ ಮೆಟ್ಟಿಲ ಬಳಿ ‘ಸಲಹಾ ಪೆಟ್ಟಿಗೆ’ ಎಂದು ಬರೆದ ಡಬ್ಬಿ ನೇತಾಡುತ್ತಿರುತ್ತದೆ. ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ ನೋಡಿ, ಯಾರಿಗೂ ಗೊತ್ತಿರುವುದಿಲ್ಲ. ಹೇಳಿದ ಮಾತು ಒಪ್ಪಿಗೆಯಾಗದಿದ್ದರೂ ಜನ ಸಹಿಸುತ್ತಾರೆ. ಹೇಳಿದ ಮಾತು ಏನಾಯಿತು ಎಂದೇ ತಿಳಿಯದಿದ್ದರೆ ಎರಡನೆಯ ಸಲ ಹೇಳುವುದಿಲ್ಲ. ‘ಆಗುವುದಿಲ್ಲ, ಯಾಕೆಂದರೆ ಇಂಥದ್ದು’ ಎಂಬ ನೇರ ಉತ್ತರಕ್ಕೆ ಮರ್ಯಾದೆ ಇದೆ. ‘ನೋಡೋಣ’ ಎನ್ನುವ ಮಾತಿಗೆ ಇಲ್ಲ.

ಟೀಕೆ ಮಾಡುವವರು ಯಾರು, ಅವರ ಕೈಯಲ್ಲಿ ಏನು ಅಧಿಕಾರವಿದೆ ಎನ್ನುವುದೂ ಮುಖ್ಯ. 2000ದ ದಶಕದ ಮೊದಲ ವರ್ಷಗಳಲ್ಲಿ ಡಿಸ್ನಿಯ ಅನಿಮೇಷನ್ ಸ್ಟುಡಿಯೊ ಸೊರಗಿತ್ತು. 2006ರಲ್ಲಿ ಡಿಸ್ನಿ ಪಿಕ್ಸರ್ ಕಂಪನಿಯನ್ನು 740 ಕೋಟಿ ಡಾಲರ್‌ಗೆ ಕೊಂಡಾಗ, ಪಿಕ್ಸರ್‌ನ ಎಡ್ ಕ್ಯಾಟ್ಮಲ್ ಅವರಿಗೆ ಎರಡೂ ಸ್ಟುಡಿಯೊಗಳ ಹೊಣೆ ಬಂತು. ಅವರು ಪಿಕ್ಸರ್‌ನ ಕಲಾವಿದರನ್ನು ತಂದು ಡಿಸ್ನಿಯಲ್ಲಿ ತುಂಬಲಿಲ್ಲ. ಎರಡು ಸ್ಟುಡಿಯೊಗಳನ್ನು ಬೇರೆ ಬೇರೆಯಾಗಿಯೇ ಇಟ್ಟರು. ಅದುವರೆಗೆ ಡಿಸ್ನಿಯಲ್ಲಿ ನಿರ್ದೇಶಕನಿಗೆ ಬೇರೆ ಬೇರೆ ಮೇಲಧಿಕಾರಿಗಳಿಂದ ತಿದ್ದುಪಡಿಯ ಪಟ್ಟಿಗಳು ಬರುತ್ತಿದ್ದವು, ಎಲ್ಲವನ್ನೂ ಪಾಲಿಸಲೇಬೇಕಿತ್ತು. ಆ ಪದ್ಧತಿ ಹೋಯಿತು. ಅದರ ಜಾಗಕ್ಕೆ ಪಿಕ್ಸರ್‌ನಲ್ಲಿದ್ದ ರೂಢಿ ಬಂತು. ಸಿನಿಮಾ ಇನ್ನೂ ಹಸಿಯಾಗಿರುವಾಗಲೇ ಇತರ ನಿರ್ದೇಶಕರು, ಕಥೆಗಾರರು ಕೂತು ನೋಡುತ್ತಾರೆ, ಎಲ್ಲಿ ಜಾರಿದೆ ಎಂದು ಮುಲಾಜಿಲ್ಲದೆ ಹೇಳುತ್ತಾರೆ. ಆದರೆ ಅವರ ಮಾತನ್ನು ಪಾಲಿಸಬೇಕೆಂಬ ಕಡ್ಡಾಯವಿಲ್ಲ, ಕೊನೆಯ ತೀರ್ಮಾನ ನಿರ್ದೇಶಕನದೇ. ಟೀಕೆಯಿಂದ ಅಧಿಕಾರವನ್ನು ಬೇರೆ ಮಾಡಿದ್ದರಿಂದ ಹೇಳುವವರಿಗೂ ಕೇಳುವವರಿಗೂ ಬಿಡುಗಡೆ ಸಿಕ್ಕಿತು. 2010ರಲ್ಲಿ ‘ಟ್ಯಾಂಗಲ್ಡ್’, 2013ರಲ್ಲಿ ‘ಫ್ರೋಜನ್’ ಬಂದವು. ‘ಫ್ರೋಜನ್’ಗೆ ಶ್ರೇಷ್ಠ ಅನಿಮೇಷನ್ ಚಿತ್ರದ ಆಸ್ಕರ್ ದೊರೆಯಿತು. ಕೆಲವೇ ವರ್ಷಗಳ ಹಿಂದೆ ಸೋತು ಕೂತಿದ್ದ ಸ್ಟುಡಿಯೊದಲ್ಲೇ ಇಂಥ ಚಿತ್ರಗಳು ಹುಟ್ಟಿದವು.

ಮಾತಿಗೆ ಹೀಗೆ ಎಡೆ ಬಿಡುವುದು ಕರಾವಳಿ ಮತ್ತು ಮಲೆನಾಡಿನವರಿಗೆ ಹೊಸ ವಿಷಯವಲ್ಲ, ತಾಳಮದ್ದಳೆಯಲ್ಲಿ ಕಂಡದ್ದೇ. ಪ್ರಸಂಗದ ಪದ್ಯಗಳು ಮೊದಲೇ ಇರುತ್ತವೆ, ಭಾಗವತರು ಹಾಡುತ್ತಾರೆ. ಅರ್ಥ ಮಾತ್ರ ಪಾತ್ರದ ಮಾತಾಡುವ ಅರ್ಥಧಾರಿಯದು, ಆ ಹೊತ್ತಿನದು, ಬರೆದಿಟ್ಟದ್ದಲ್ಲ. ಕೃಷ್ಣ ಸಂಧಾನವಾದರೆ ಸಂಧಾನ ಮುರಿಯುತ್ತದೆ ಎನ್ನುವುದು ಸಭೆಯಲ್ಲಿ ಕೂತ ಮಗುವಿಗೂ ಗೊತ್ತು. ಆದರೂ ಜನ ರಾತ್ರಿಯೆಲ್ಲ ಕೂತು ಕೇಳುತ್ತಾರೆ, ಇವತ್ತಿನ ಕೌರವ ಇವತ್ತಿನ ಕೃಷ್ಣನಿಗೆ ಏನೆನ್ನುತ್ತಾನೆ ಎಂದು. ಅನುಭವಿ ಅರ್ಥಧಾರಿ ಎದುರಿನವನ ಬಾಯಿ ಕಟ್ಟಿಸುವುದಿಲ್ಲ. ಅವನಿಗೆ ಉತ್ತರಿಸಲು ಎಡೆ ಸಿಗುವ ಹಾಗೆ ಪ್ರಶ್ನೆ ಬಿಟ್ಟು ಕೂರುತ್ತಾನೆ. ಎದುರಿನವನು ಕಿರಿಯನಾದರೆ ಇನ್ನಷ್ಟು ಎಡೆ ಬಿಡುತ್ತಾನೆ, ಕೂಟ ಕಳೆಗಟ್ಟುವುದು ಇಬ್ಬರಿಂದ ಎನ್ನುವುದು ಅವನಿಗೆ ಗೊತ್ತು. ಚೌಕಟ್ಟು ಬಿಗಿಯಾಗಿದೆ, ಒಳಗೆ ಮಾತು ಸ್ವತಂತ್ರವಾಗಿದೆ. ಕಚೇರಿಗಳಲ್ಲಿ ಎಷ್ಟೋ ಸಲ ಇದು ತಿರುಗುಮುರುಗಾಗಿರುತ್ತದೆ. ಏನು ಬೇಕು ಎನ್ನುವುದನ್ನು ಸ್ಪಷ್ಟವಾಗಿ ಹೇಳುವುದಿಲ್ಲ, ಹೇಗೆ ಮಾಡಬೇಕು ಎನ್ನುವುದರಲ್ಲಿ ಮಾತ್ರ ಹೆಜ್ಜೆ ಹೆಜ್ಜೆಗೂ ಕೈ ಹಾಕುತ್ತೇವೆ.

ಕೊನೆಯದು ಬಿಡುವು. ಒತ್ತಡ ಬಿದ್ದರೆ ತಲೆ ಚುರುಕಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ, ಪತ್ರಿಕೆಯವರು ಎಲ್ಲರಿಗಿಂತ ಹೆಚ್ಚಾಗಿ. ಹಾರ್ವರ್ಡ್‌ನ ತೆರೇಸಾ ಅಮಾಬಿಲೆ ಮತ್ತು ಜೊತೆಗಾರರು ಏಳು ಕಂಪನಿಗಳ 177 ಉದ್ಯೋಗಿಗಳಿಂದ ದಿನಚರಿ ಬರೆಸಿ, ಹೀಗೆ ಸೇರಿದ 9,000ಕ್ಕೂ ಹೆಚ್ಚು ಬರಹಗಳನ್ನು ಓದಿದರು. 2002ರಲ್ಲಿ ಪ್ರಕಟವಾದ ಅವರ ತೀರ್ಮಾನ ಹೀಗಿತ್ತು: ವಿಪರೀತ ಒತ್ತಡದ ದಿನಗಳಲ್ಲಿ ತಾವು ಬಹಳ ಚುರುಕಾಗಿದ್ದೇವೆ ಎಂದು ಜನರಿಗೆ ಅನ್ನಿಸುತ್ತದೆ, ನಿಜವಾಗಿ ಹೊಸ ಯೋಚನೆ ಬರುವುದು ಕಡಿಮೆಯಾಗುತ್ತದೆ. ಆ ದಣಿವು ಮರುದಿನಕ್ಕೂ ಉಳಿಯುತ್ತದೆ. ಕೆಲಸದ ಮಹತ್ವ ಮನಸ್ಸಿಗೆ ತಟ್ಟಿದ್ದು, ನಡುವೆ ಯಾರೂ ತಡೆಯದೆ ಅದೊಂದರಲ್ಲೇ ಮುಳುಗಲು ಬಿಟ್ಟರೆ ಮಾತ್ರ ಒತ್ತಡದಲ್ಲೂ ಹೊಸದು ಹುಟ್ಟುತ್ತದೆ. ರಾತ್ರಿ ಹತ್ತಕ್ಕೆ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಅರ್ಜೆಂಟ್’ ಎಂದು ಬರುವ ಸಂದೇಶಗಳು ಹೀಗೆ ಮುಳುಗುವ ಬಿಡುವನ್ನೇ ಕದಿಯುತ್ತವೆ.

ಬಿಡುವು ಎಂದರೆ ಸೋಮಾರಿತನವಲ್ಲ ಎನ್ನುವುದಕ್ಕೆ ನಿಮ್ಮ ಮೇಜಿನ ಮೇಲಿರುವ ಹಳದಿ ಅಂಟುಚೀಟಿಯೇ ಸಾಕ್ಷಿ. 3ಎಂ ಕಂಪನಿಯಲ್ಲಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಕಂಡುಹಿಡಿದ ಅಂಟು ಬಲವಾಗಿ ಹಿಡಿಯುತ್ತಿರಲಿಲ್ಲ, ಸುಲಭವಾಗಿ ಬಿಟ್ಟುಬರುತ್ತಿತ್ತು. ಅದನ್ನು ಏನಕ್ಕೆ ಬಳಸುವುದೆಂದು ಯಾರಿಗೂ ತೋಚಲಿಲ್ಲ. ಅವರು ಅದನ್ನು ಎಸೆಯದೆ ಕಂಪನಿಯೊಳಗೆ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾ ಬಂದರು. ಹಾಗೆ ಕೇಳಿಸಿಕೊಂಡವರಲ್ಲಿ ಒಬ್ಬರು ಆರ್ಟ್ ಫ್ರೈ. 1974ರಲ್ಲಿ, ಚರ್ಚಿನ ಹಾಡಿನ ಪುಸ್ತಕದಲ್ಲಿ ಗುರುತಿಗೆ ಇಟ್ಟ ಚೀಟಿ ಪದೇ ಪದೇ ಬಿದ್ದುಹೋಗುತ್ತಿದ್ದಾಗ ಅವರಿಗೆ ಆ ಅಂಟು ನೆನಪಾಯಿತು. ಮಾರುಕಟ್ಟೆಗೆ ಬಂದದ್ದು 1980ರಲ್ಲಿ. ಹನ್ನೆರಡು ವರ್ಷ ಒಂದು ‘ಸೋತ’ ಅಂಟು ಬದುಕಿ ಉಳಿದದ್ದು, ಕೆಲಸದ ಹೊತ್ತಿನ ಶೇ 15ರಷ್ಟನ್ನು ತಮಗೆ ತೋಚಿದ ಪ್ರಯೋಗಕ್ಕೆ ಬಳಸಬಹುದು ಎಂಬ ರೂಢಿ ಇದ್ದ ಕಂಪನಿಯಲ್ಲಿ.

ಇನ್ನು ನಮ್ಮ ಮೇಜಿಗೆ ಬರುತ್ತೇನೆ. ಆ ಯುಗಾದಿಗೆ ಬೇವು-ಬೆಲ್ಲದ ಬಟ್ಟಲೇ ಹೋಯಿತು, ಹೊತ್ತು ಮೀರಿತ್ತು. ಹಬ್ಬ ಕಳೆದ ಮೊದಲ ಸೋಮವಾರ ಆರೂ ಜನರ ಮುಂದೆ, ಆ ಕಿರಿಯ ಉಪಸಂಪಾದಕಿಗೆ ನಾನು ಹೇಳಿದ ಮಾತು ತಪ್ಪಾಗಿತ್ತು ಎಂದೆ. ಆಮೇಲೆ ನಾಲ್ಕು ಪದ್ಧತಿಗಳನ್ನು ಶುರು ಮಾಡಿದೆವು. ಸಭೆಯ ಮೊದಲ ಹತ್ತು ನಿಮಿಷ ಯಾರೂ ಮಾತಾಡುವಂತಿಲ್ಲ, ಎಲ್ಲರೂ ಚೀಟಿಯಲ್ಲಿ ಬರೆಯಬೇಕು. ಓದುವಾಗ ಕಿರಿಯರಿಂದ ಶುರು, ನನ್ನದು ಕೊನೆ. ಬಂದ ಪ್ರತಿ ಸಲಹೆಯನ್ನೂ ಒಂದು ರಿಜಿಸ್ಟರಿನಲ್ಲಿ ಬರೆದು, ಶುಕ್ರವಾರದೊಳಗೆ ಅದರ ಮುಂದೆ ‘ಮಾಡೋಣ’, ‘ಈಗ ಬೇಡ’ ಅಥವಾ ‘ಆಗುವುದಿಲ್ಲ’ ಎಂದು ಕಾರಣಸಮೇತ ನಾನೇ ಬರೆಯಬೇಕು. ಪುರವಣಿ ಅಚ್ಚಾಗಿ ಬಂದ ಮರುದಿನ ಅದನ್ನು ಗೋಡೆಗೆ ಅಂಟಿಸಿ, ಎಲ್ಲಿ ಸೋತಿದ್ದೇವೆ ಎಂದು ಕೆಂಪು ಪೆನ್ನಿನಲ್ಲಿ ಗುರುತು ಹಾಕಬೇಕು, ಮೊದಲ ಗುರುತು ನನ್ನ ಲೇಖನದ ಮೇಲೆ ಬೀಳಬೇಕು. ನಾಲ್ಕನೆಯದು ಬುಧವಾರ ಮಧ್ಯಾಹ್ನ: ಒಬ್ಬರು ಪುಟದ ಕೆಲಸ ಬಿಟ್ಟು ಕಚೇರಿಯಿಂದ ಹೊರಗೆ ಹೋಗಬೇಕು, ಎಲ್ಲಿಗಾದರೂ ಸರಿ, ಬರೆದು ತರಲೇಬೇಕೆಂದಿಲ್ಲ.

ಮೊದಲ ಮೂರು ವಾರ ಚೀಟಿಗಳು ಬಹುತೇಕ ಖಾಲಿ ಬಂದವು. ಮುಚ್ಚಿದ ಬಾಯಿ ತೆರೆಯುವ ಮೊದಲು ಜನ ಪರೀಕ್ಷೆ ಮಾಡಿ ನೋಡುತ್ತಾರೆ, ಇದು ನಿಜವೋ ನಾಲ್ಕು ದಿನದ ಉತ್ಸಾಹವೋ ಎಂದು. ನಾಲ್ಕನೆಯ ವಾರ ಪುಟ ವಿನ್ಯಾಸದ ಹುಡುಗ ಗೋಡೆಯ ಮೇಲಿನ ನನ್ನ ಲೇಖನಕ್ಕೆ ಸುತ್ತು ಹಾಕಿ, ‘ಮೊದಲ ಎರಡು ಪ್ಯಾರಾ ಬೇಕಾಗಿಲ್ಲ’ ಎಂದು ಬರೆದಿದ್ದ. ಅವನು ಹೇಳಿದ್ದು ಸರಿಯಾಗಿತ್ತು. ಎಲ್ಲರ ಎದುರು ಒಪ್ಪಿಕೊಂಡೆ. ಮುಂದಿನ ಸೋಮವಾರ ಒಂಬತ್ತು ಸಲಹೆಗಳು ಬಂದವು.

ಮರುವರ್ಷದ ಯುಗಾದಿ ಸಂಚಿಕೆಗೆಂದು ಆ ಹುಡುಗಿ ನಮ್ಮ ಛಾಯಾಗ್ರಾಹಕರ ಜೊತೆ ಮಾರ್ಕೆಟ್ಟಿಗೆ ಹೋದಳು. ನಮ್ಮ ಸಂಚಿಕೆ ಹಬ್ಬಕ್ಕೆ ಮೊದಲೇ ಅಚ್ಚಿಗೆ ಹೋಗಬೇಕಾದ್ದರಿಂದ ವರ್ಷದ ನಡುವಿನ ಹಬ್ಬಗಳ ರಾತ್ರಿಗಳಲ್ಲೇ ಹೋಗಿ ಬಂದಿದ್ದಳು. ಒದ್ದೆ ಗೋಣಿಚೀಲ ಹೊದಿಸಿದ ಮಾವಿನ ಸೊಪ್ಪಿನ ಕಟ್ಟುಗಳ ಪಕ್ಕ ಕೂತು, ರಾಮನಗರದ ಕಡೆಯಿಂದ ಬಂದ ಒಂದು ಕುಟುಂಬದೊಡನೆ ಬೆಳಗು ಮಾಡಿದ್ದಳು. ಆ ಕುಟುಂಬದ ತಾಯಿ ಹೇಳಿದ ಒಂದು ಮಾತನ್ನು ಲೇಖನದ ಮೊದಲಿಗೇ ಇಟ್ಟಿದ್ದಳು: ಊರಿನವರ ಬಾಗಿಲಿಗೆಲ್ಲ ತೋರಣ ಕಟ್ಟಿಸಿ, ಮೊದಲ ಬಸ್ಸು ಹಿಡಿದು ಮನೆ ಸೇರಿ, ತಮ್ಮ ಬಾಗಿಲಿಗೆ ತೋರಣ ಕಟ್ಟುವಾಗ ಮಧ್ಯಾಹ್ನವಾಗಿರುತ್ತದೆ ಎಂದು. ಅದರಲ್ಲಿ ಗೋಳು ಇರಲಿಲ್ಲ, ಹಬ್ಬವೇ ಇತ್ತು. ಮುಖಪುಟಕ್ಕೆ ಆ ಗೋಣಿಚೀಲದ ಚಿತ್ರವೇ ಹೋಯಿತು. ಆ ಸಂಚಿಕೆಗೆ ಬಂದಷ್ಟು ಓದುಗರ ಪತ್ರಗಳು ನನ್ನ ಕಾಲದಲ್ಲಿ ಬೇರೆ ಯಾವ ಸಂಚಿಕೆಗೂ ಬಂದಿರಲಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಫ್ರೀಮಾಂಟ್‌ನ ಯಶಸ್ಸು ನೋಡಿ ಜನರಲ್ ಮೋಟಾರ್ಸ್ ಅದೇ ಕ್ಯಾಲಿಫೋರ್ನಿಯಾದ ವ್ಯಾನ್‌ನೈಸ್ ಕಾರ್ಖಾನೆಯಲ್ಲೂ ಅಂಥದೇ ಏರ್ಪಾಟು ಮಾಡಲು ಹೊರಟಿತು. ಹಗ್ಗ ಕಟ್ಟಿದ್ದಾಯಿತು. ಆದರೆ ಲೈನ್ ನಿಂತರೆ ಮೇಲಧಿಕಾರಿಗಳು ಸಿಡುಕುವುದು ನಿಲ್ಲಲಿಲ್ಲ, ಕಾರ್ಮಿಕರಿಗೆ ಹಗ್ಗ ಎಳೆಯುವ ಧೈರ್ಯ ಬರಲಿಲ್ಲ. 1992ರಲ್ಲಿ ಆ ಕಾರ್ಖಾನೆ ಮುಚ್ಚಿತು. ಚೀಟಿ, ರಿಜಿಸ್ಟರು, ಬುಧವಾರದ ಬಿಡುವು, ಇವೂ ಹಗ್ಗದಂಥವೇ. ಎಳೆದವರನ್ನು ಕಾಯುವವರು ಇಲ್ಲದಿದ್ದರೆ ಸುಮ್ಮನೆ ನೇತಾಡುತ್ತವೆ.

ಹಾಗಾಗಿ ತಂಡದ ಹೊಣೆ ಹೊತ್ತವರಲ್ಲಿ ನನ್ನದೊಂದೇ ವಿನಂತಿ. ನಿಮ್ಮವರ ಪ್ರತಿಭೆಯನ್ನು ಅನುಮಾನಿಸುವ ಮೊದಲು, ಅವರು ಕೊನೆಯ ಸಲ ಹೊಸದೊಂದನ್ನು ಹೇಳಿದಾಗ ನೀವು ಏನೆಂದಿರಿ ಎಂದು ನೆನಪಿಸಿಕೊಳ್ಳಿ. ನೆನಪಾಗದಿದ್ದರೆ ಅವರನ್ನೇ ಕೇಳಿ, ಅವರು ಮರೆತಿರುವುದಿಲ್ಲ. ನಾಳೆಯ ಸಭೆಯಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಲಿ, ನೀವು ಕೊನೆಗೆ ಮಾತಾಡಿ.